ಡಬ್ಬಿಗೊಂದು ಬೆಳಕಿಂಡಿ



ಸೂಜಿರಂಧ್ರ ಕ್ಯಾಮರಾ ಎಂಬ ಹೆಸರನ್ನು ನೀವೆಲ್ಲ ಶಾಲೆಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬ ಪಾಠದಲ್ಲಿ ಅದರ ಚಿತ್ರವಿರುತ್ತದೆ. ಎಡಗಡೆ ಉರಿಯುವ ಮೇಣದ ಬತ್ತಿ, ನಡುವೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಹಿಂಬದಿಯ ಪರದೆಯ ಮೇಲೆ ತಲೆಕೆಳಗಾದ ಮೇಣದ ಬತ್ತಿ. ಮಕ್ಕಳು ಅದನ್ನು ಅಡಿಪಟ್ಟಿ ಹಿಡಿದು ಚೊಕ್ಕಟವಾಗಿ ಬರೆಯುತ್ತಾರೆ, ಭಾಗಗಳನ್ನು ಗುರುತಿಸುತ್ತಾರೆ, ಪರೀಕ್ಷೆಯಲ್ಲಿ ಅಂಕ ಗಳಿಸುತ್ತಾರೆ. ಮಾಡಿ ನೋಡಿ ಎಂದು ಪುಸ್ತಕವೇ ಹೇಳಿದ್ದರೂ ಎಷ್ಟೋ ತರಗತಿಗಳಲ್ಲಿ ಪೆಟ್ಟಿಗೆಗೆ ತೂತು ಬೀಳುವುದೇ ಇಲ್ಲ. ನೀರಿಗಿಳಿಯದೆ ಈಜು ಕಲಿತ ಹಾಗೆ ಇದು.

ಇಂದು ಮನೆಮನೆಯಲ್ಲೂ ದಿನಕ್ಕೆ ನೂರು ಚಿತ್ರ ತೆಗೆಯಬಲ್ಲ ಫೋನುಗಳಿವೆ. ಆದರೆ ಆ ಚಿತ್ರ ಎಲ್ಲಿಂದ ಬಂತು ಎಂದು ಮಗುವನ್ನು ಕೇಳಿ ನೋಡಿ. ಫೋನಿನಿಂದ ಬಂತು ಎನ್ನುತ್ತದೆ. ಇತ್ತ, ಕತ್ತಲೆ ಕೋಣೆಯಲ್ಲಿ ಬೆರಳ ತುದಿಯ ಸ್ಪರ್ಶದಿಂದಲೇ ಫಿಲಂ ಸುತ್ತಿ, ತೊಳೆದು, ಒಣಗಿಸಿ ಕೊಡುತ್ತಿದ್ದ ಸ್ಟುಡಿಯೋದವರು ಊರೂರಿನಲ್ಲೂ ವಯಸ್ಸಾಗಿ ಕೆಲಸ ಬಿಟ್ಟಿದ್ದಾರೆ. ಅವರ ಕೈಯ ವಿದ್ಯೆ ಅವರೊಂದಿಗೇ ಮುಗಿಯಬೇಕೆ? ಈ ಎರಡು ತಲೆಮಾರುಗಳನ್ನು ಒಂದು ಖಾಲಿ ಬಿಸ್ಕತ್ತಿನ ಡಬ್ಬಿಯ ಎದುರು ಕೂರಿಸಬಹುದು ಎಂಬುದು ನನ್ನ ನಂಬಿಕೆ. ಪರದೆಯ ಮೇಲೆ ಇಂಥ ವಿಷಯ ತೋರಿಸುವಾಗ ನೀವು ಅಳತೆ ಬರೆದುಕೊಳ್ಳುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಆದ್ದರಿಂದ ಇಲ್ಲಿ ಅಚ್ಚಿನಲ್ಲಿ ತುಸು ನಿಧಾನವಾಗಿಯೇ ಹೇಳುತ್ತೇನೆ.

ಮೊದಲು ಹಂಪಿಗೆ ಹೋಗಿಬರೋಣ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲ ಕೋಣೆಯಿದೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಅಲ್ಲಿಯ ಗೋಡೆಯ ಮೇಲೆ ಪೂರ್ವದಿಕ್ಕಿನ ಒಂಬತ್ತು ಅಂತಸ್ತಿನ ರಾಜಗೋಪುರ ತಲೆಕೆಳಗಾಗಿ ಕಾಣಿಸುತ್ತದೆ. ಊರು ತೋರಿಸುವವರು ಅದನ್ನು ಗೋಪುರದ ನೆರಳು ಎನ್ನುತ್ತಾರೆ. ನೆರಳಾಗಿದ್ದರೆ ಅದು ತಲೆಕೆಳಗಾಗಬೇಕಾದ ಕಾರಣವಿಲ್ಲ. ಅದು ಬೆಳಕಿನ ಬಿಂಬ. ಗೋಪುರದ ತುದಿಯಿಂದ ಹೊರಟ ಬೆಳಕು ಸಣ್ಣ ಕಿಂಡಿಯನ್ನು ಹಾದು ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಪುಸ್ತಕದ ಮೇಣದ ಬತ್ತಿಯ ಜಾಗದಲ್ಲಿ ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಇಟ್ಟರೆ ಹೇಗೋ ಹಾಗೆ. ಪ್ರವಾಸಕ್ಕೆಂದು ಹಂಪಿಗೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಆ ಕೋಣೆಯಲ್ಲಿ ಐದು ನಿಮಿಷ ಹೆಚ್ಚು ನಿಲ್ಲಬೇಕೆಂದು ನನ್ನ ಕೋರಿಕೆ.

ಹಂಪಿಯವರೆಗೆ ಹೋಗಲಾಗದಿದ್ದರೆ ಹಂಚಿನ ಮನೆ ಸಾಕು. ಮಧ್ಯಾಹ್ನ ಹಂಚಿನ ಸಂದಿಯಿಂದ ನೆಲದ ಮೇಲೆ ಬೀಳುವ ದುಂಡನೆಯ ಬೆಳಕಿನ ನಾಣ್ಯಗಳನ್ನು ನೀವು ನೋಡಿದ್ದೀರಿ. ಸಂದಿ ಚೌಕವಾಗಿರಲಿ, ಮೂರು ಮೂಲೆಯದಾಗಿರಲಿ, ಅದು ಚಿಕ್ಕದಾಗಿದ್ದರೆ ನಾಣ್ಯ ಮಾತ್ರ ದುಂಡಗೇ ಇರುತ್ತದೆ. ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯ ನೆತ್ತಿಯ ಮೇಲಿರುವಾಗ ಹಂಚು ನೆಲದಿಂದ 3 ಮೀಟರ್ ಎತ್ತರದಲ್ಲಿದ್ದರೆ ಆ ನಾಣ್ಯದ ಅಗಲ ಸುಮಾರು 28 ಮಿಲಿಮೀಟರ್. ಎತ್ತರವನ್ನು 108ರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣವಾದಾಗ ಮರಗಳ ಕೆಳಗಿನ ಈ ನಾಣ್ಯಗಳೆಲ್ಲ ಬಳೆಗಳಾದವು. ಹೊಂಗೆ ಮರದ ಎಲೆಗಳ ನಡುವಿನ ಒಂದೊಂದು ಸಂದಿಯೂ ಒಂದೊಂದು ಕ್ಯಾಮರಾ. ಹಿಡಿದಿಡುವ ಫಿಲಂ ಒಂದಿಲ್ಲ, ಅಷ್ಟೆ.

ಇದನ್ನು ಗಮನಿಸಿದವರು ಹಳಬರು. ಕ್ರಿಸ್ತಪೂರ್ವ 5ನೆಯ ಶತಮಾನದ ಚೀನಾದ ಮೋ ತ್ಸು ಇದನ್ನು ಹೇಳಿದ್ದಾನೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈತಮ್ ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಗ್ರಹಣದ ಬಿಂಬಗಳನ್ನು ಕುರಿತು ಕ್ರಮವಾಗಿ ಪರೀಕ್ಷೆ ನಡೆಸಿದ. ಸೂಜಿರಂಧ್ರ ಎಂಬರ್ಥದ ಇಂಗ್ಲಿಷ್ ಪದವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1856ರ ತನ್ನ ಪುಸ್ತಕವೊಂದರಲ್ಲಿ ಬಳಸಿದ. 1880ರ ದಶಕದಲ್ಲಿ ಈಜಿಪ್ಟಿನ ಪಿರಮಿಡ್ಡುಗಳನ್ನು ಅಳೆಯಲು ಹೋದ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಬಿಸ್ಕತ್ತಿನ ಡಬ್ಬಿಯಿಂದ ತಾನೇ ಮಾಡಿಕೊಂಡ ಸರಳ ಕ್ಯಾಮರಾವನ್ನು ಕೊಂಡೊಯ್ದಿದ್ದ. ಹಾಗಾಗಿ ನಾವು ಮಾಡಹೊರಟಿರುವುದು ಮಕ್ಕಳಾಟವೆಂದು ಯಾರಾದರೂ ನಕ್ಕರೆ ಪೆಟ್ರಿಯ ಹೆಸರು ಹೇಳಿ.

ಇನ್ನು ಕೆಲಸಕ್ಕೆ ಬರೋಣ. ನಮಗೆ ಬೇಕಾದದ್ದು ಆಯತಾಕಾರದ ತಗಡಿನ ಬಿಸ್ಕತ್ತಿನ ಡಬ್ಬಿ. ಒಳಗಿನ ಎತ್ತರ 7 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಉದ್ದ 16ರಿಂದ 20 ಸೆಂಟಿಮೀಟರ್, ಅಗಲ ಸುಮಾರು 10 ಸೆಂಟಿಮೀಟರ್ ಇದ್ದರೆ ಚೆನ್ನ. ಮುಚ್ಚಳ ಮೇಲ್ಗಡೆ ಬಿಗಿಯಾಗಿ ಕೂರುವಂಥದಿರಲಿ. ಫಿಲಂ ಎಂದರೆ 120 ಎಂಬ ಸಂಖ್ಯೆಯ ರೋಲ್ ಫಿಲಂ. ಕ್ಲಿಕ್ ಥ್ರೀ ಕ್ಯಾಮರಾ ಬಳಸಿದ ಹಿರಿಯರಿಗೆ ಇದನ್ನು ಪರಿಚಯಿಸಬೇಕಿಲ್ಲ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳು. ಇದು ಮಾರುಕಟ್ಟೆಗೆ ಬಂದದ್ದು 1901ರಲ್ಲಿ. ನಮ್ಮ ಪಕ್ಕದ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಫಿಲಂ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಆದರೆ ಹೊರದೇಶಗಳಲ್ಲಿ ಈ ಫಿಲಂ ಇಂದಿಗೂ ತಯಾರಾಗುತ್ತಿದೆ, ಆಮದಾಗಿ ಬರುತ್ತದೆ. ಒಂದು ರೋಲಿಗೆ ಹಲವು ನೂರು ರೂಪಾಯಿಗಳಾಗುವುದರಿಂದ ಡಬ್ಬಿ ಪುಕ್ಕಟೆಯಾದರೂ ಫಿಲಂ ಪುಕ್ಕಟೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ರೋಲ್ ಫಿಲಮ್ಮನ್ನೇ ಏಕೆ ಆರಿಸಿಕೊಂಡೆ? ಅದರ ಬೆನ್ನಿಗೆ ಉದ್ದಕ್ಕೂ ಒಂದು ಕಾಗದವಿರುತ್ತದೆ. ಆ ಕಾಗದ ಬೆಳಕನ್ನು ತಡೆಯುತ್ತದೆ, ಆದ್ದರಿಂದ ನೆರಳಿನಲ್ಲಿ ಕೂತು ಹಗಲಿನಲ್ಲೇ ಫಿಲಂ ತುಂಬಬಹುದು. ಮೇಲಾಗಿ ಅದರ ಮೇಲೆ ಅಂಕಿಗಳು ಅಚ್ಚಾಗಿರುತ್ತವೆ. ಮೂರು ಸಾಲುಗಳಲ್ಲಿ ನಡುವಿನ ಸಾಲು ನಮ್ಮ ಆರು ಸೆಂಟಿಮೀಟರ್ ಚೌಕದ ಚಿತ್ರಗಳಿಗೆಂದೇ ಇರುವುದು. ಎಷ್ಟು ಸುತ್ತಬೇಕೆಂದು ಊಹಿಸುವ ಕಷ್ಟವಿಲ್ಲ. ಫಿಲಮ್ಮಿನ ಜೊತೆಗೆ ಒಂದು ಖಾಲಿ ಸ್ಪೂಲು ಬೇಕು. ಅದನ್ನು ಹುಡುಕಿಕೊಂಡು ನಿಮ್ಮೂರಿನ ಹಳೆಯ ಸ್ಟುಡಿಯೋಗೆ ಹೋಗಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸ್ಪೂಲು ಸಿಕ್ಕೀತು, ಅದೃಷ್ಟವಿದ್ದರೆ ಫಿಲಂ ತೊಳೆಯುವ ಟ್ಯಾಂಕೂ ಸಿಕ್ಕೀತು. ಅದಕ್ಕಿಂತ ಮುಖ್ಯವಾಗಿ, ಆ ಸ್ಟುಡಿಯೋದ ಯಜಮಾನರು ಯಾರೂ ಕೇಳದೇ ಬಿಟ್ಟಿದ್ದ ಸಂಗತಿಗಳನ್ನು ನಿಮಗೆ ಹೇಳಿಯಾರು. ಮಕ್ಕಳನ್ನೂ ಕರೆದುಕೊಂಡೇ ಹೋಗಿ.

ಡಬ್ಬಿಯ ಒಳಗೆಲ್ಲ ಶಾಲೆಯ ಕಪ್ಪು ಹಲಗೆಗೆ ಬಳಿಯುವ ಹೊಳಪಿಲ್ಲದ ಬಣ್ಣವನ್ನು ಬಳಿದು ಎರಡು ದಿನ ಒಣಗಲು ಬಿಡಿ. ಮುಚ್ಚಳದ ಒಳಬದಿಯನ್ನು ಮರೆಯಬೇಡಿ. ಅನಂತರ ದಪ್ಪ ರಟ್ಟಿನಿಂದ ಎರಡು ಬದಿಯೂ ತೆರೆದಿರುವ ಒಂದು ಚೌಕ ಕೊಳವೆ ಮಾಡಿ, ಒಳಗಿನ ಬಾಯಿ 5.6 ಸೆಂಟಿಮೀಟರ್ ಚೌಕ. ಇದಕ್ಕೂ ಕಪ್ಪು ಬಣ್ಣ. ಈ ಕೊಳವೆಯನ್ನು ಡಬ್ಬಿಯ ನಡುಮಧ್ಯೆ, ಮುಂಗೋಡೆಯಿಂದ ಹಿಂಗೋಡೆಯ ಕಡೆಗೆ ಅಡ್ಡಲಾಗಿ ಅಂಟಿಸಬೇಕು. ಕೊಳವೆಯ ಮುಂದಿನ ಬಾಯಿ ಮುಂಗೋಡೆಗೆ ತಾಗಿರಲಿ, ಹಿಂದಿನ ಬಾಯಿಗೂ ಹಿಂಗೋಡೆಗೂ ನಡುವೆ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಸಂದು ಬಿಡಿ. ಫಿಲಂ ಓಡಾಡುವುದು ಈ ಸಂದಿನಲ್ಲೇ. ಕೊಳವೆಯ ಎಡಕ್ಕೆ ತುಂಬಿದ ಸ್ಪೂಲು, ಬಲಕ್ಕೆ ಖಾಲಿ ಸ್ಪೂಲು, ಎರಡೂ ನೆಟ್ಟಗೆ ನಿಂತಿರಬೇಕು. ಅವು ಅತ್ತಿತ್ತ ಸರಿಯದಂತೆ ಡಬ್ಬಿಯ ತಳಕ್ಕೆ ಎರಡು ಚಿಕ್ಕ ಮರದ ಗೂಟಗಳನ್ನು ಅಂಟಿಸಿ. ಸ್ಪೂಲಿನ ತಳದ ತೂತಿನಲ್ಲಿ ಗೂಟ ಸಡಿಲವಾಗಿ ಕೂತರೆ ಸಾಕು. ತುಂಬಿದ ಸ್ಪೂಲಿಗೆ ಒಂದು ಮಡಿಚಿದ ರಟ್ಟಿನ ತುಂಡು ಒತ್ತಿಕೊಂಡಿರಲಿ. ಇಲ್ಲದಿದ್ದರೆ ಸುರುಳಿ ತಾನಾಗಿ ಬಿಚ್ಚಿಕೊಂಡು ಫಿಲಂ ಡೊಂಕಾಗುತ್ತದೆ, ಫಿಲಂ ಡೊಂಕಾದರೆ ಚಿತ್ರದಲ್ಲಿ ಕಂಬಗಳೂ ಡೊಂಕಾಗುತ್ತವೆ.

ಸುತ್ತುವ ಕೀಲಿಗೆ ಮುರಿದ ಮರದ ಸೌಟಿನ ಹಿಡಿ ಒಳ್ಳೆಯದು. ಅದರ ತುದಿಯನ್ನು ಸ್ಕ್ರೂಡ್ರೈವರಿನಂತೆ ಚಪ್ಪಟೆಯಾಗಿ ಕೆತ್ತಿ, ಖಾಲಿ ಸ್ಪೂಲಿನ ತಲೆಯ ಸೀಳಿನಲ್ಲಿ ಕೂರುವಂತೆ ಮಾಡಿ. ಮುಚ್ಚಳದಲ್ಲಿ ಸ್ಪೂಲಿನ ನೇರಕ್ಕೆ ಹಿಡಿಯ ಗಾತ್ರದ ತೂತು ಕೊರೆಯಿರಿ. ಮುಚ್ಚಳ ಹಾಕಿದ ಮೇಲೆ ಕೀಲಿಯನ್ನು ಇಳಿಸಬೇಕು. ತೂತಿನ ಸುತ್ತ ಬೆಳಕು ನುಸುಳದಂತೆ ಕಪ್ಪು ಉಣ್ಣೆಯ ದಾರವನ್ನು ನಾಲ್ಕು ಸುತ್ತು ಬಿಗಿದರಾಯಿತು. ಹಿಂಗೋಡೆಯ ನಡುಮಧ್ಯದಲ್ಲಿ ಒಂದು ಸೆಂಟಿಮೀಟರ್ ಅಗಲದ ಕಿಟಕಿ ಕೊರೆದು, ಒಳಗಿನಿಂದ ಎರಡು ಪದರ ಕೆಂಪು ಜಿಲೇಟಿನ್ ಕಾಗದ ಅಂಟಿಸಿ. ಅಂಕಿ ಕಾಣುವುದು ಇದರಲ್ಲೇ. ಇಂದಿನ ಫಿಲಮ್ಮುಗಳಿಗೆ ಕೆಂಪು ಬೆಳಕೂ ತಾಗುವುದರಿಂದ ಸುತ್ತುವ ಹೊತ್ತು ಬಿಟ್ಟು ಉಳಿದೆಲ್ಲ ಸಮಯ ಕಿಟಕಿಯ ಮೇಲೆ ಕಪ್ಪು ಟೇಪು ಇರಲೇಬೇಕು. ತಗಡು ಕತ್ತರಿಸುವ, ಕೊರೆಯುವ ಕೆಲಸವನ್ನು ದೊಡ್ಡವರು ಮಾಡಿ, ಅಂಚುಗಳನ್ನು ಅರದಿಂದ ಉಜ್ಜಿ ಮಕ್ಕಳ ಕೈಗೆ ಕೊಡಬೇಕೆಂದು ಬೇರೆ ಹೇಳಬೇಕಿಲ್ಲ.

ಈಗ ಕ್ಯಾಮರಾದ ಕಣ್ಣು. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೊಂದೇ. ಡಬ್ಬಿಯ ತಗಡಿಗೇ ಮೊಳೆ ಹೊಡೆದು ತೂತು ಮಾಡುವವರಿದ್ದಾರೆ. ದಪ್ಪ ತಗಡಿನ ತೂತು ಸಣ್ಣ ಸುರಂಗದಂತಿದ್ದು ಚಿತ್ರದ ಅಂಚುಗಳನ್ನು ಕಪ್ಪಾಗಿಸುತ್ತದೆ. ಮುಂಗೋಡೆಯಲ್ಲಿ ದೊಡ್ಡ ತೂತನ್ನೇ ಕೊರೆದು, ಅದರ ಮೇಲೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತೆಳು ಅಲ್ಯೂಮಿನಿಯಂ ಚೂರನ್ನು ಅಂಟಿಸುವುದು ಮೇಲು. ಆ ಚೂರನ್ನು ಹಳೆಯ ವಾರಪತ್ರಿಕೆಯ ಮೇಲಿಟ್ಟು ಬಾಲ್ ಪೆನ್ನಿನಿಂದ ನಡುವೆ ಒತ್ತಿ ಸಣ್ಣ ಗುಳಿ ಮಾಡಿ. ಹಿಂದೆ ಉಬ್ಬಿದ ಭಾಗವನ್ನು ಜೀರೋ ನಂಬರಿನ ಮರಳು ಕಾಗದದಿಂದ ತೆಳುವಾಗುವವರೆಗೆ ಉಜ್ಜಿ. ಆಮೇಲೆ ಅತಿ ಸಣ್ಣ ಹೊಲಿಗೆ ಸೂಜಿಯ ತುದಿಯನ್ನಷ್ಟೇ ತಾಗಿಸಿ ತಿರುಗಿಸಿ. ಸೂಜಿಯನ್ನು ಪೂರ್ತಿ ತೂರಿಸಬೇಡಿ. ಮತ್ತೆ ಉಜ್ಜಿ, ಮತ್ತೆ ಸೂಜಿ. ತೂತು ದುಂಡಗಿದ್ದು ಅಂಚಿನಲ್ಲಿ ಜುಂಗಿಲ್ಲದಿರಬೇಕು. ಭೂತಗನ್ನಡಿಯಲ್ಲಿ ನೋಡಿ, ಬೆಳಕಿಗೆ ಹಿಡಿದು ನೋಡಿ.

ತೂತು ಎಷ್ಟು ಸಣ್ಣದಿರಬೇಕು? ಸಣ್ಣದಾದಷ್ಟೂ ಚಿತ್ರ ಚೂಪಾಗುತ್ತದೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಒಂದು ಮಿತಿಯವರೆಗೆ ಅದು ನಿಜ. ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ, ಚಿತ್ರ ಮತ್ತೆ ಮಬ್ಬಾಗುತ್ತದೆ. ಸರಳರೇಖೆಯ ಪಾಠ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬೆಳಕಿನ ಅಲೆಯ ಪಾಠ ಶುರುವಾಗುತ್ತದೆ ನೋಡಿ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರಾಲೇ 1891ರಲ್ಲಿ ಈ ಲೆಕ್ಕವನ್ನು ವಿವರವಾಗಿ ನಡೆಸಿದ. ಅದರಂತೆ ತೂತಿನಿಂದ ಫಿಲಮ್ಮಿಗೆ 10 ಸೆಂಟಿಮೀಟರ್ ದೂರವಿದ್ದರೆ ತೂತಿನ ಅಗಲ 0.45 ಮಿಲಿಮೀಟರಿನ ಆಸುಪಾಸು. ಡಬ್ಬಿ ಕಿರಿದಾಗಿದ್ದು ದೂರ 5 ಸೆಂಟಿಮೀಟರ್ ಆದರೆ 0.3 ಮಿಲಿಮೀಟರ್. ಅಳೆಯುವುದು ಹೇಗೆಂಬ ಚಿಂತೆ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನರಿನ ಮೇಲೆ ಆ ಚೂರನ್ನಿಟ್ಟು ಇಂಚಿಗೆ 1200 ಚುಕ್ಕೆಗಳ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿಸಿ. ತೂತು 21 ಚುಕ್ಕೆಗಳಷ್ಟು ಅಗಲವಿದ್ದರೆ ಅದೇ ನಿಮ್ಮ 0.45.

ತೂತಿನ ಮೇಲೆ ಒಂದು ಕಪ್ಪು ಟೇಪಿನ ರೆಕ್ಕೆ. ಅದೇ ನಿಮ್ಮ ಶಟರು. ಫಿಲಂ ತುಂಬುವ ಮೊದಲು ರಾತ್ರಿ ದೀಪವಾರಿಸಿ, ಫೋನಿನ ಟಾರ್ಚನ್ನು ಬೆಳಗಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಸುತ್ತಲೂ ನೋಡಿ. ಎಲ್ಲೆಲ್ಲಿ ಬೆಳಕು ಸೋರುತ್ತದೋ ಅಲ್ಲೆಲ್ಲ ಟೇಪು. ಮಕ್ಕಳಿಗೆ ಅತಿ ಹೆಚ್ಚು ಖುಷಿ ಕೊಡುವ ಘಟ್ಟ ಇದು. ಅನಂತರ ನೆರಳಿನಲ್ಲಿ ಕೂತು, ಕಾಗದದ ಅಂಕಿಯಿರುವ ಬದಿ ಹಿಂಗೋಡೆಯ ಕಡೆಗಿರುವಂತೆ ಫಿಲಂ ತುಂಬಿ, ಮುಚ್ಚಳದ ಅಂಚಿಗೆಲ್ಲ ಟೇಪು ಸುತ್ತಿ, ಕೆಂಪು ಕಿಟಕಿಯಲ್ಲಿ 1 ಕಾಣುವವರೆಗೆ ಕೀಲಿ ತಿರುಗಿಸಿ. ನಿಧಾನವಾಗಿ ತಿರುಗಿಸಿ. ಒಮ್ಮೆ ದಾಟಿದ ಅಂಕಿಗೆ ಹಿಂದಿರುಗಲು ಬರುವುದಿಲ್ಲ.

ಈ ಕ್ಯಾಮರಾಕ್ಕೆ ನೋಡುವ ಕಿಂಡಿಯಿಲ್ಲ, ಫೋಕಸ್ ಮಾಡುವ ಗೊಡವೆಯೂ ಇಲ್ಲ. ಒಂದಡಿ ದೂರದ ಹೂಕುಂಡವೂ ಹತ್ತು ಮೈಲಿ ದೂರದ ಬೆಟ್ಟವೂ ಇದಕ್ಕೆ ಒಂದೇ. ಎಷ್ಟು ಜಾಗ ಚಿತ್ರದಲ್ಲಿ ಬರುತ್ತದೆಂದು ತಿಳಿಯಲು ಮುಚ್ಚಳದ ಮೇಲೆ ಬಳಪದಿಂದ ಎರಡು ಗೆರೆ ಎಳೆಯಿರಿ. ತೂತಿನ ನೇರದಿಂದ ಹೊರಟು ಕೊಳವೆಯ ಹಿಂಬಾಯಿಯ ಎರಡು ಅಂಚುಗಳನ್ನು ಮುಟ್ಟುವ ಗೆರೆಗಳವು. ಹಿಂದಿನಿಂದ ಕಣ್ಣಿಟ್ಟು ಆ ಗೆರೆಗಳನ್ನು ತೂತಿನ ಆಚೆಗೆ ಮನಸ್ಸಿನಲ್ಲೇ ಎಳೆದುಕೊಂಡು ಹೋದರೆ ಚಿತ್ರದ ಎಲ್ಲೆ ತಿಳಿಯುತ್ತದೆ.

100 ವೇಗದ ಫಿಲಮ್ಮಾದರೆ ನಡುಹಗಲ ಬಿಸಿಲಿನಲ್ಲಿ ಲೆಕ್ಕದ ಪ್ರಕಾರ 2 ಸೆಕೆಂಡು ಸಾಕು, ಆದರೆ ದೀರ್ಘ ಸಮಯ ತೆರೆದಿಟ್ಟಾಗ ಫಿಲಂ ಸ್ವಲ್ಪ ಆಲಸಿಯಾಗುತ್ತದೆ. ಹಾಗಾಗಿ 3 ಸೆಕೆಂಡು ಕೊಡಿ. ಮೋಡ ಮುಚ್ಚಿದ್ದರೆ ಅರ್ಧ ನಿಮಿಷ. ಮಂಟಪದ ಒಳಗೆ, ಮರದ ದಟ್ಟ ನೆರಳಿನಲ್ಲಿ ನಿಮಿಷಗಟ್ಟಲೆ ಬೇಕಾದೀತು. 400 ವೇಗದ ಫಿಲಂ ಹೆಚ್ಚು ಚುರುಕು ನಿಜ, ಆದರೆ ಬಿಸಿಲಿನಲ್ಲಿ ಅದಕ್ಕೆ ಅರ್ಧ ಸೆಕೆಂಡು ಸಾಕು, ಅಷ್ಟರಲ್ಲಿ ಟೇಪು ತೆಗೆದು ಮುಚ್ಚಲು ಬೆರಳಿಗೆ ಆಗದು. ನಮ್ಮ ಬೆರಳಿನ ವೇಗಕ್ಕೆ ನಿಧಾನದ ಫಿಲಮ್ಮೇ ಜೊತೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಅಲುಗದಂತೆ ಮೇಲೊಂದು ಇಟ್ಟಿಗೆಯಿಟ್ಟು, ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು ಎಂದು ಎಣಿಸಿ ಮುಚ್ಚಿಬಿಡಿ. ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಕೂಡಲೇ ಸುತ್ತುವ ಅಭ್ಯಾಸವಿಟ್ಟುಕೊಂಡರೆ ಒಂದರ ಮೇಲೊಂದು ಚಿತ್ರ ಬೀಳುವ ಭಯವಿಲ್ಲ.

ಈ ದೀರ್ಘ ಸಮಯದಿಂದಾಗುವ ಒಂದು ಸೋಜಿಗವಿದೆ. ಮೋಡದ ದಿನ ಸಂತೆಯ ಚಿತ್ರ ತೆಗೆದರೆ ನಡೆದಾಡುವವರು ಮಾಯವಾಗುತ್ತಾರೆ, ಬುಟ್ಟಿಯ ಮುಂದೆ ಅಲುಗದೆ ಕೂತ ಅಜ್ಜಿ ಮಾತ್ರ ಉಳಿಯುತ್ತಾಳೆ. 1838ರಲ್ಲಿ ದಾಗೆರ್ ಪ್ಯಾರಿಸ್ಸಿನ ಬೀದಿಯೊಂದನ್ನು ಚಿತ್ರಿಸಿದಾಗಲೂ ಹೀಗೆಯೇ ಆಯಿತು. ಓಡಾಡುತ್ತಿದ್ದ ಜನ, ಗಾಡಿಗಳು ಯಾವುವೂ ಮೂಡಲಿಲ್ಲ. ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬಾತ ಮೂಡಿದ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಹನ್ನೆರಡೇ ಚಿತ್ರಗಳು ಎಂಬುದನ್ನು ಕೊರತೆ ಎಂದು ತಿಳಿಯಬೇಡಿ ಎಂದು ಉಪಾಧ್ಯಾಯರಲ್ಲಿ ನನ್ನ ಮನವಿ. ಹನ್ನೆರಡು ಮಕ್ಕಳಿಗೆ ತಲಾ ಒಂದು ಚಿತ್ರ ಎಂದು ಹಂಚಿ. ಯಾವುದನ್ನು ತೆಗೆಯಬೇಕೆಂದು ನಿರ್ಧರಿಸಲು ಒಂದು ವಾರ ಸಮಯ ಕೊಡಿ. ತನಗೆ ಇರುವುದು ಒಂದೇ ಎಂದು ತಿಳಿದ ಮಗು ಶಾಲೆಯ ಆವರಣವನ್ನೆಲ್ಲ ಹೊಸದಾಗಿ ನೋಡುತ್ತದೆ. ಬೆಳಗಿನ ಬಿಸಿಲು ಯಾವ ಕಂಬಕ್ಕೆ ಎಷ್ಟು ಹೊತ್ತಿಗೆ ಬೀಳುತ್ತದೆಂದು ಕಾಯುತ್ತದೆ. ಇನ್ನೇನು ಕೆಡವಲಿರುವ ಹಂಚಿನ ಕೊಠಡಿ, ಊರಿನ ಹಳೆಯ ಬಾವಿ, ತೇರಿನ ಗಾಲಿ, ಮನೆಯ ಜಗಲಿಯಲ್ಲಿ ಕೂತ ತಾತ: ಇಂಥವನ್ನು ಆರಿಸಿಕೊಳ್ಳುವಂತೆ ಸೂಚಿಸಬಹುದು, ಒತ್ತಾಯ ಬೇಡ. ಪುಸ್ತಕದಲ್ಲಿ ಸಮಯ, ಬಿಸಿಲು, ಎಣಿಸಿದ ಸೆಕೆಂಡುಗಳನ್ನು ಬರೆದಿಡಲಿ. ಫಿಲಂ ತೊಳೆದ ಮೇಲೆ ಅದೇ ಅವರ ನಿಜವಾದ ಪಠ್ಯ.

ಇನ್ನು ತೊಳೆಯುವ ವಿಚಾರ. ಔಷಧ ಅಂಗಡಿಗಳಲ್ಲಿ ಮೆಟಾಲ್, ಹೈಡ್ರೋಕ್ವಿನೋನ್ ಕೇಳಿ ಅಲೆಯಬೇಕಿಲ್ಲ. ಅಮೆರಿಕದ ರಾಚೆಸ್ಟರ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೊಂದರಲ್ಲಿ 1995ರಲ್ಲಿ ವಿದ್ಯಾರ್ಥಿಗಳೂ ಅವರ ಅಧ್ಯಾಪಕರೂ ಕಾಫಿಪುಡಿಯಿಂದಲೇ ಫಿಲಂ ತೊಳೆಯುವ ವಿಧಾನ ಕಂಡುಕೊಂಡರು. ಕಾಫಿ ಬೆಳೆಯುವ ನಾಡಿನವರಾದ ನಮಗೆ ಇದು ತಿಳಿದಿರಬೇಡವೇ! ಅರ್ಧ ಲೀಟರ್ ನೀರಿಗೆ ನೀರಿಲ್ಲದ ವಾಷಿಂಗ್ ಸೋಡಾ 27 ಗ್ರಾಂ, ವಿಟಮಿನ್ ಸಿ ಪುಡಿ 8 ಗ್ರಾಂ, ಇನ್‌ಸ್ಟಂಟ್ ಕಾಫಿಪುಡಿ 20 ಗ್ರಾಂ. ಇದೇ ಕ್ರಮದಲ್ಲಿ ಒಂದೊಂದಾಗಿ ಕರಗಿಸಿ. ಅಂಗಡಿಯಲ್ಲಿ ಸಿಕ್ಕುವುದು ಹರಳು ಸೋಡಾ ಆದರೆ ಅದರಲ್ಲಿ ನೀರಿನಂಶ ಇರುವುದರಿಂದ ಸುಮಾರು 73 ಗ್ರಾಂ ಬೇಕು. ಅಡುಗೆ ಸೋಡಾ ನಡೆಯುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಕೆಫೀನ್ ಎಂದು ಹಲವರು ಭಾವಿಸುತ್ತಾರೆ, ಅದಲ್ಲ. ಕಾಫಿಯಲ್ಲಿರುವ ಕೆಫೀಯಿಕ್ ಆಮ್ಲದ ಜಾತಿಯ ವಸ್ತುಗಳು. ಆದ್ದರಿಂದ ಚಿಕೋರಿ ಬೆರೆತ ಪುಡಿ ಬೇಡ, ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ. ಕುಡಿಯಲು ಅರೇಬಿಕಾ ಮೇಲೆನ್ನುವವರೂ ಫಿಲಮ್ಮಿಗೆ ರೋಬಸ್ಟಾವನ್ನೇ ಆರಿಸಬೇಕು. ಅದರಲ್ಲಿ ಈ ಅಂಶ ಹೆಚ್ಚು. ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ, ಕಿಟಕಿ ತೆರೆದಿಡಿ.

ಫಿಲಮ್ಮನ್ನು ಟ್ಯಾಂಕಿನ ಸುರುಳಿಗೆ ಸುತ್ತುವುದು ಪೂರ್ತಿ ಕತ್ತಲೆಯಲ್ಲಿ ಆಗಬೇಕು. ಸ್ಟುಡಿಯೋದ ಹಿರಿಯರು ಜೊತೆಗಿರಬೇಕಾದದ್ದು ಇಲ್ಲೇ. ಹಳೆಯ ಕಾಗದವನ್ನೋ ಹಾಳಾದ ಫಿಲಮ್ಮನ್ನೋ ಹಿಡಿದು ಮೊದಲು ಬೆಳಕಿನಲ್ಲಿ, ಅನಂತರ ಕಣ್ಣುಮುಚ್ಚಿ ಅಭ್ಯಾಸ ಮಾಡಿಸುತ್ತಾರೆ. ಟ್ಯಾಂಕು ಮುಚ್ಚಿದ ಮೇಲೆ ಉಳಿದದ್ದೆಲ್ಲ ಬೆಳಕಿನಲ್ಲೇ. ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇದ್ದರೆ 15 ನಿಮಿಷ. ನಮ್ಮ ನಲ್ಲಿ ನೀರು ಇದಕ್ಕಿಂತ ಬೆಚ್ಚಗಿರುವುದೇ ಹೆಚ್ಚು, ಆದ್ದರಿಂದ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ತಣಿಸಿ. ನಿಮಿಷಕ್ಕೊಮ್ಮೆ ಟ್ಯಾಂಕನ್ನು ನಿಧಾನ ಮೇಲೆಕೆಳಗೆ ಮಾಡಿ. ಬಳಿಕ ನೀರಿನಿಂದ ತೊಳೆದು, ಹೈಪೋ ದ್ರಾವಣದಲ್ಲಿ 10 ನಿಮಿಷ, ಮತ್ತೆ ಹರಿಯುವ ನೀರಿನಲ್ಲಿ 20 ನಿಮಿಷ. ಬಳಸಿದ ಹೈಪೋದಲ್ಲಿ ಬೆಳ್ಳಿಯ ಅಂಶ ಸೇರಿರುವುದರಿಂದ ಅದನ್ನು ಬಾವಿಯ ಬಳಿ, ಗಿಡದ ಬುಡಕ್ಕೆ ಚೆಲ್ಲಬಾರದು. ಬಾಟಲಿಯಲ್ಲಿ ತುಂಬಿಟ್ಟರೆ ಮತ್ತೊಂದೆರಡು ರೋಲಿಗೆ ಬಂದೀತು. ಒಣಗಿದ ನೆಗೆಟಿವ್ ತುಸು ಕಂದು ಬಣ್ಣಕ್ಕಿರುತ್ತದೆ, ಕಾಫಿಯ ಕರೆ ಅದು, ದೋಷವಲ್ಲ. ಫೋನಿನ ಬಿಳಿ ಪರದೆಯ ಎದುರು ನೆಗೆಟಿವ್ ಹಿಡಿದು ಇನ್ನೊಂದು ಫೋನಿನಿಂದ ಚಿತ್ರ ತೆಗೆದು ಕಪ್ಪುಬಿಳುಪು ಅದಲುಬದಲು ಮಾಡಿದರೆ ಚಿತ್ರ ಸಿದ್ಧ. ಫೋನನ್ನು ದೂರಿದ ನಾನು ಈಗ ಅದನ್ನೇ ಕರೆದೆನೆಂದು ನಗಬೇಡಿ.

ಫಿಲಮ್ಮಿನ ಖರ್ಚೂ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಅದಕ್ಕೆ ದುಂಡನೆಯ ಕ್ಯಾನು ಸಾಕು. ಒಳಗೋಡೆಗೆ ಕಪ್ಪುಬಿಳುಪಿನ ಫೋಟೋ ಕಾಗದದ ಒಂದು ಹಾಳೆಯನ್ನು ಕತ್ತಲೆಯಲ್ಲಿ ಸುತ್ತಿಟ್ಟು, ಎದುರು ಬದಿಗೆ ಸೂಜಿರಂಧ್ರ ಮಾಡಿ, ಕಂಬಕ್ಕೆ ಕಟ್ಟಿ ತಿಂಗಳುಗಟ್ಟಲೆ ಬಿಟ್ಟರೆ ಪ್ರತಿದಿನದ ಸೂರ್ಯನ ಹಾದಿ ಒಂದೊಂದು ಗೆರೆಯಾಗಿ ಮೂಡುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಕಲಾ ವಿದ್ಯಾರ್ಥಿನಿಯೊಬ್ಬರು 2012ರಲ್ಲಿ ಇಂಥ ಒಂದು ಕ್ಯಾನನ್ನು ದೂರದರ್ಶಕಕ್ಕೆ ಕಟ್ಟಿ ಮರೆತಿದ್ದರು. 2020ರಲ್ಲಿ ಅದು ಸಿಕ್ಕಿದಾಗ ಒಳಗಿನ ಒಂದೇ ಹಾಳೆಯಲ್ಲಿ ಎಂಟು ವರ್ಷ ಒಂದು ತಿಂಗಳ ಸೂರ್ಯನ 2,953 ಕಮಾನುಗಳಿದ್ದವು.

ಆ ಕಮಾನುಗಳನ್ನು ನೋಡಿ ನೀವೂ ಕ್ಯಾನನ್ನು ದಕ್ಷಿಣಕ್ಕೆ ಮುಖಮಾಡಿ ಕಟ್ಟಿದರೆ ನಿರಾಶೆಯಾದೀತು. ಇಂಗ್ಲೆಂಡಿನಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನವೇ ಅವನು 54 ಡಿಗ್ರಿ ಎತ್ತರದಲ್ಲಿದ್ದು, ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ನಡುವಿನ ನಂತರವೇ ದಕ್ಷಿಣಕ್ಕೆ ಮರಳುವುದು. ನಮ್ಮ ಕ್ಯಾನು ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿರಬೇಕು. ಆಗ ಸೂರ್ಯನ ಗೆರೆಗಳು ಕಮಾನಾಗದೆ ಬಹುಮಟ್ಟಿಗೆ ನೆಟ್ಟಗೆ ಏರುತ್ತ, ದಿನದಿಂದ ದಿನಕ್ಕೆ ದಕ್ಷಿಣದಿಂದ ಉತ್ತರಕ್ಕೆ ಜರುಗುತ್ತ ಹೋಗುತ್ತವೆ. ಉತ್ತರಾಯಣವನ್ನು ಕಣ್ಣಾರೆ ನೋಡಿದಂತೆಯೇ. ಡಿಸೆಂಬರ್ 21ರ ಸುಮಾರಿಗೆ ಕಟ್ಟಿ. ಜೂನ್ 21ರವರೆಗೆ ಬಿಡಬೇಕೆಂಬ ಆಸೆಯಾದರೂ ನಮ್ಮಲ್ಲಿ ಮಳೆ ಅಷ್ಟರಲ್ಲಿ ಬಂದಿರುತ್ತದೆ, ಕಾಗದ ನೆನೆದರೆ ಬೂಸ್ಟು ಹಿಡಿಯುತ್ತದೆ. ಮೇ ಕೊನೆಗೆ ಇಳಿಸಿಕೊಳ್ಳುವುದೇ ಕ್ಷೇಮ. ಆ ಹಾಳೆಯನ್ನು ಯಾವ ದ್ರಾವಣಕ್ಕೂ ಹಾಕಬೇಡಿ. ಮಂದ ಬೆಳಕಿನಲ್ಲಿ ಹೊರತೆಗೆದು ನೇರವಾಗಿ ಸ್ಕ್ಯಾನರಿನ ಮೇಲಿಟ್ಟು ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿ, ಅನಂತರ ಕಪ್ಪು ಕವರಿನಲ್ಲಿ ಹಾಕಿ ಮುಚ್ಚಿಡಿ.